ಬೆಳಿಗ್ಗೆ ಹೇಳಿದ್ದು ಸಂಜೆಗೆ ಉಳಿಯುತ್ತಾ?



ಶ್ರಾವಣದಿಂದ ಈಚೆಗೆ ನಾನು ಇಲ್ಲಿ ಏನೂ ಬರೆದಿಲ್ಲ. ರಾಗಿ ಬಿತ್ತನೆ ಬಗ್ಗೆ ಬರೀತೀನಿ ಅಂದಿದ್ದೆ, ಬರೀಲಿಲ್ಲ. ಅವರೆಗೆ ಕಾಯಿಕೊರಕ ಬಿದ್ದಾಗ ಐದಾರು ಜನ ಫೋನ್ ಮಾಡಿ ಕೇಳಿದ್ರಿ, ಸರಿಯಾಗಿ ಉತ್ತರ ಕೊಡಲಿಲ್ಲ. ಕಾರಣ ಸುತ್ತಮುತ್ತಲ ಊರಿನವರಿಗೆ ಅರ್ಧಂಬರ್ಧ ಗೊತ್ತು. ಗೊತ್ತಿರೋದರಲ್ಲೂ ಅರ್ಧ ತಪ್ಪು. ಅದಕ್ಕೆ ಈ ಸಲ ಬೆಳೆ ವಿಚಾರ ಬಿಟ್ಟು ಮನೆ ವಿಚಾರ ಬರೀತಿದ್ದೀನಿ. ನಮ್ಮ ಮನೆಯವಳನ್ನ ಕೇಳಿಯೇ ಬರೀತಿರೋದು. "ಬರೀರಿ, ಆದ್ರೆ ಓದಿದೋರು ಅಯ್ಯೋ ಪಾಪ ಅನ್ನೋ ಹಂಗೆ ಬರೀಬೇಡಿ" ಅಂದಿದ್ದಾಳೆ.

ಹೊಸಬರಿಗಾಗಿ ಹೇಳ್ತೀನಿ. ನಮ್ಮದು ಕನಕಪುರ ರಸ್ತೆಯಲ್ಲಿ ಕಗ್ಗಲೀಪುರ ದಾಟಿದ ಮೇಲೆ ಎರಡು ಎಕರೆ ಹತ್ತು ಗುಂಟೆ. ರಾಗಿ, ಅದರೊಳಗೆ ಅಕ್ಕಡಿ ಸಾಲು, ಹತ್ತು ಗುಂಟೆಯಲ್ಲಿ ಸೊಪ್ಪು, ಎರಡು ಸೀಮೆ ಹಸು. ಉಳುಮೆ, ನೀರು, ಔಷಧಿ ನನ್ನ ಪಾಲು. ಬೀಜ ಎತ್ತಿಡೋದು, ಹಸು ನೋಡ್ಕೊಳ್ಳೋದು, ಡೇರಿ ಲೆಕ್ಕ, ವಾರಕ್ಕೆರಡು ದಿನ ಸೊಪ್ಪು ಕಟ್ಟಿಕೊಂಡು ಜೆ.ಪಿ. ನಗರದ ಸಾರಕ್ಕಿ ಮಾರ್ಕೆಟ್‌ಗೆ ಹೋಗೋದು ಅವಳ ಪಾಲು. ನಾನು ಎಸ್ಸೆಸ್ಸೆಲ್ಸಿ ಪಾಸು, ಆದರೂ ನನಗೆ ಡೈರಿ ಬೇಕು. ಅವಳು ಓದಿದ್ದು ನಾಲ್ಕನೇ ಕ್ಲಾಸು, ಎಲ್ಲಾ ತಲೇಲೇ. ಯಾರಿಗೆ ಎಷ್ಟು ಸೇರು ಬೀಜ ಕೊಟ್ಟಿದ್ವಿ, ಯಾವ ಹಸು ಯಾವ ವಾರ ಗಬ್ಬ ನಿಂತಿತು, ಅವಳನ್ನ ಕೇಳಿದ್ರೆ ಆಯ್ತು. ನಮ್ಮ ಮನೆ ಲೆಕ್ಕದ ಪುಸ್ತಕ ಅವಳ ತಲೆಯೇ.

ಮೂರು ವರ್ಷದ ಹಿಂದೆ ಅವಳಿಗೆ ಸ್ತನ ಕ್ಯಾನ್ಸರ್ ಆಗಿ ಆಪರೇಷನ್, ಕೀಮೋ ಎಲ್ಲಾ ಆಗಿತ್ತು. ಅದು ನಿಮಗೆ ಗೊತ್ತು. ಹೋದ ಆಷಾಢದಲ್ಲಿ ಬೆಳಿಗ್ಗೆ ಎದ್ದ ಕೂಡಲೇ ತಲೆನೋವು, ವಾಂತಿ ಶುರುವಾಯ್ತು. ಪಿತ್ತ ಅಂದ್ಕೊಂಡು ಜೀರಿಗೆ ಕಷಾಯ ಕುಡಿಸಿದ್ವಿ. ಒಂದು ದಿನ ಹಾಲಿನ ಬಕೆಟ್ಟು ಎಡಗೈಯಿಂದ ಜಾರಿ ಬಿತ್ತು. ಮಾರನೇ ದಿನ ಲೋಟ ಬಿತ್ತು. ಬನಶಂಕರಿಯಲ್ಲಿರೋ ಮಗಳು ಒಂದು ದಿನವೂ ತಡ ಮಾಡಬೇಡಿ ಅಂತ ಕರೆಸಿಕೊಂಡು ಎಂಆರ್‌ಐ ಮಾಡಿಸಿದಳು. ಮೆದುಳಿನಲ್ಲಿ ಮೂರು ಗಡ್ಡೆ. ಒಂದು ಅವರೆಕಾಳಿನಷ್ಟು, ಎರಡು ತೊಗರಿಕಾಳಿನಷ್ಟು. ಇದು ಹೊಸ ಕಾಯಿಲೆ ಅಲ್ಲ, ಎದೆಯ ಕ್ಯಾನ್ಸರ್ರೇ ರಕ್ತದಲ್ಲಿ ಹೋಗಿ ಅಲ್ಲಿ ಮೊಳೆತಿದೆ ಅಂತ ಡಾಕ್ಟ್ರು ಹೇಳಿದ್ರು. ಪಕ್ಕದ ಹೊಲದ ಬೀಜ ಹಾರಿ ಬಂದು ನಮ್ಮ ಹೊಲದಲ್ಲಿ ಹುಟ್ಟಿದ ಹಾಗೆ.

ದಕ್ಷಿಣ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ತೋರಿಸಿದ್ವಿ. ಹೆಸರು ಬೇಡ, ಹೊಗಳೋಕೂ ಬೇಡ ತೆಗಳೋಕೂ ಬೇಡ. ಅಲ್ಲಿನ ಡಾಕ್ಟ್ರು "ಯಜಮಾನ್ರೇ, ಎರಡು ದಾರಿ ಇದೆ" ಅಂದ್ರು. ಒಂದು, ಇಡೀ ಮೆದುಳಿಗೆ ರೇಡಿಯೇಷನ್ ಕೊಡೋದು. ಇನ್ನೊಂದು, ಗಡ್ಡೆ ಇರೋ ಜಾಗಕ್ಕೆ ಮಾತ್ರ ಗುರಿಯಿಟ್ಟು ಜಾಸ್ತಿ ಶಕ್ತಿಯ ಕಿರಣ ಕೊಡೋದು. ನಮಗೆ ಅರ್ಥ ಆಗೋ ಹಾಗೆ ಹೇಳೋದಾದ್ರೆ, ಕಳೆ ಹೊಲದ ತುಂಬಾ ಇದ್ರೆ ಹೊಲಕ್ಕೆಲ್ಲ ಔಷಧಿ ಹೊಡೀತೀವಿ. ಮೂರು ಕಡೆ ಮಾತ್ರ ಇದ್ರೆ ಗುದ್ದಲಿ ತಗೊಂಡು ಆ ಮೂರನ್ನೇ ಬುಡ ಸಮೇತ ಕೀಳ್ತೀವಿ, ಬೆಳೆಗೆ ಏಟು ಬೀಳಲ್ಲ. ಆದರೆ ಹೊಲಕ್ಕೆಲ್ಲ ಹೊಡೆದಿಲ್ಲ ಅಂದ ಮೇಲೆ ಬೇರೆ ಕಡೆ ಹೊಸ ಕಳೆ ಹುಟ್ಟಬಹುದು. ಅದಕ್ಕೇ ಎರಡು ಮೂರು ತಿಂಗಳಿಗೊಮ್ಮೆ ಎಂಆರ್‌ಐ ತಪ್ಪಿಸೋ ಹಾಗಿಲ್ಲ.

ಇದು ನಿನ್ನೆ ಮೊನ್ನೆ ಹುಟ್ಟಿದ ಪ್ರಯೋಗ ಅಲ್ಲ. ಸ್ವೀಡನ್ ದೇಶದ ಲಾರ್ಸ್ ಲೆಕ್ಸೆಲ್ ಅನ್ನೋ ಮೆದುಳಿನ ಸರ್ಜನ್ 1951ರಲ್ಲೇ ಈ ವಿಧಾನ ಹೇಳಿದವರು. 1968ರಲ್ಲಿ ಅವರ ಗಾಮಾ ನೈಫ್ ಮಿಷನ್ ಶುರುವಾಯ್ತು. ಹೆಸರಲ್ಲಿ ಚಾಕು ಇದೆ, ಕುಯ್ಯೋದು ಏನೂ ಇಲ್ಲ, ಎಲ್ಲಾ ಕಿರಣವೇ.

ನಾನು ಕೇಳಿದ್ದು ಒಂದೇ ಮಾತು, ಇವಳ ಬುದ್ಧಿ ನೆಟ್ಟಗಿರುತ್ತಾ ಅಂತ. ಡಾಕ್ಟ್ರು ಸುಳ್ಳು ಭರವಸೆ ಕೊಡಲಿಲ್ಲ. 2016ರಲ್ಲಿ ಅಚ್ಚಾದ ಒಂದು ಅಧ್ಯಯನದ ವಿಚಾರ ಹೇಳಿದ್ರು, ಆಮೇಲೆ ಮಗಳೂ ಓದಿ ಹೇಳಿದ್ಲು. ಒಂದರಿಂದ ಮೂರು ಗಡ್ಡೆ ಇದ್ದ 213 ಜನರನ್ನ ಎರಡು ಗುಂಪು ಮಾಡಿದ್ರಂತೆ. ಒಂದು ಗುಂಪಿಗೆ ಗುರಿಯಿಟ್ಟ ರೇಡಿಯೇಷನ್ ಮಾತ್ರ, ಇನ್ನೊಂದಕ್ಕೆ ಅದರ ಜೊತೆ ಇಡೀ ಮೆದುಳಿಗೂ. ಮೂರು ತಿಂಗಳಿಗೆ ನೆನಪು, ಗಮನದ ಪರೀಕ್ಷೆ ಮಾಡಿದಾಗ, ಎರಡೂ ಕೊಟ್ಟವರಲ್ಲಿ ನೂರಕ್ಕೆ ಸುಮಾರು 92 ಜನ ಒಂದಲ್ಲ ಒಂದು ಪರೀಕ್ಷೆಯಲ್ಲಿ ಕೆಳಗಿಳಿದಿದ್ರು. ಗುರಿಯಿಟ್ಟದ್ದು ಮಾತ್ರ ಕೊಟ್ಟವರಲ್ಲಿ ನೂರಕ್ಕೆ ಸುಮಾರು 64. ಆಯಸ್ಸಿನಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳೋ ವ್ಯತ್ಯಾಸ ಇರಲಿಲ್ಲ. ಆದರೆ ಇಡೀ ಮೆದುಳಿಗೆ ಕೊಟ್ಟವರಲ್ಲಿ ಹೊಸ ಗಡ್ಡೆ ಕಡಿಮೆ.

ನಾವು ಗುರಿಯಿಟ್ಟದ್ದನ್ನೇ ಒಪ್ಪಿದ್ವಿ. ಆದರೆ ನಾನು ಆ 92 ಕೇಳಿಸಿಕೊಂಡೆ, 64 ಕೇಳಿಸಿಕೊಳ್ಳಲಿಲ್ಲ. ಗುರಿಯಿಟ್ಟು ಕೊಡ್ತಾರೆ ಅಂದ ಮೇಲೆ ಮಿಕ್ಕಿದ್ದಕ್ಕೆ ಏನೂ ಆಗಲ್ಲ ಅಂತ ನಾನೇ ತೀರ್ಮಾನ ಮಾಡ್ಕೊಂಡುಬಿಟ್ಟೆ. ಅದು ನನ್ನ ಮೊದಲನೇ ತಪ್ಪು.

ಬಲೆ ಥರದ ಪ್ಲಾಸ್ಟಿಕ್ ಹಾಳೆಯನ್ನ ಬಿಸಿನೀರಲ್ಲಿ ಮೆತ್ತಗೆ ಮಾಡಿ ಅವಳ ಮುಖಕ್ಕೆ ಅಚ್ಚು ತೆಗೆದ್ರು. ಅದನ್ನ ಹಾಕಿ ತಲೆ ಅಲುಗಾಡದ ಹಾಗೆ ಮೇಜಿಗೆ ಬಿಗಿದ್ರು. ಒಂದೇ ದಿನ, ಒಂದೇ ಸಲ. ನೋವಾಯ್ತಾ ಅಂದೆ. "ನೋವಿಲ್ಲ, ಎತ್ತಿಗೆ ಲಾಳ ಕಟ್ಟುವಾಗ ಕೆಡವಿ ಹಿಡೀತಾರಲ್ಲ, ಹಂಗಿತ್ತು" ಅಂದ್ಲು. ಮೆದುಳಿನ ಊತ ಇಳಿಯೋಕೆ ಡೆಕ್ಸಾಮೆಥಾಸೋನ್ ಅಂತ ಸ್ಟೀರಾಯ್ಡ್ ಮಾತ್ರೆ ಕೊಟ್ರು. ಅದರಿಂದ ವಿಪರೀತ ಹಸಿವು, ರಾತ್ರಿಯೆಲ್ಲಾ ನಿದ್ದೆ ಇಲ್ಲ, ಮುಖ ಊದಿಕೊಳ್ತು. ಆ ಮಾತ್ರೆಯನ್ನ ನಮ್ಮಷ್ಟಕ್ಕೆ ನಾವೇ ನಿಲ್ಲಿಸಬಾರದು, ಡಾಕ್ಟ್ರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪ ಇಳಿಸಬೇಕು.

ಊರಲ್ಲಿ ಅಷ್ಟೊತ್ತಿಗೆ ಸುದ್ದಿ ಬೇರೆಯೇ ಆಗಿತ್ತು. ನಮ್ಮ ಕಡೆಯವರಿಗೆ ಕ್ಯಾನ್ಸರ್ ಅಂದ್ರೆ ಹೊಸೂರು ರಸ್ತೆಯ ಕಿದ್ವಾಯಿ, ತಲೆ ಅಂದ್ರೆ ಅದರ ಪಕ್ಕದ ನಿಮ್ಹಾನ್ಸ್. ನಿಮ್ಹಾನ್ಸ್ ಅಂದ್ರೆ ಹುಚ್ಚು. ನಾವು ಅಲ್ಲಿಗೆ ಹೋಗೇ ಇರಲಿಲ್ಲ, ಆದರೂ "ತಲೆಗೆ ಕರೆಂಟ್ ಕೊಟ್ಟವರಂತೆ" ಅಂತ ಮಾತು ಹಬ್ಬಿತು. ಇದಕ್ಕೂ ಕರೆಂಟಿಗೂ ಸಂಬಂಧ ಇಲ್ಲ. ಇದು ಕಿರಣ, ಎಕ್ಸ್‌ರೇ ಜಾತಿಯದು, ಅದಕ್ಕಿಂತ ಬಹಳ ಜೋರು. ನಿಮ್ಹಾನ್ಸ್ ಕೂಡ ಬರೀ ಹುಚ್ಚಿನ ಆಸ್ಪತ್ರೆ ಅಲ್ಲ. ಅಲ್ಲಿ ಮೆದುಳಿನ ಆಪರೇಷನ್ ಮಾಡ್ತಾರೆ, ಗಾಮಾ ನೈಫ್ ಕೂಡ ಇದೆ. ಈ ಮಾತು ಆಡಿದವರಲ್ಲಿ ಕೆಲವರು ಇದನ್ನ ಓದ್ತಿದ್ದೀರಿ. ಬೇಜಾರಿಲ್ಲ, ತಿಳ್ಕೊಳ್ಳಿ ಸಾಕು.

ಮೊದಲ ತಿಂಗಳು ನಾನು ಖುಷಿಯಾಗಿದ್ದೆ. ತಲೆನೋವು ಹೋಯ್ತು, ಎಡಗೈಗೆ ಬಲ ಬಂತು. ನಾನೇ ಆಗಾಗ ಪರೀಕ್ಷೆ ಮಾಡ್ತಿದ್ದೆ. ಅಕ್ಕಡಿಗೆ ಏನೇನು ಹಾಕ್ತೀವಿ ಹೇಳು ಅಂದ್ರೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಜೋಳ, ಹರಳು ಅಂತ ಪಟಪಟ ಹೇಳೋಳು. ಆಸ್ಪತ್ರೆಗೆ ಬಸ್ಸಲ್ಲಿ ಸಿಲ್ಕ್ ಇನ್‌ಸ್ಟಿಟ್ಯೂಟ್‌ಗೆ ಬಂದು ಅಲ್ಲಿಂದ ಮೆಟ್ರೋ ಹತ್ತೋದು. ರೈಲಲ್ಲಿ ಕೂತಾಗ ಸ್ಟೇಷನ್ ಹೆಸರು ಕೇಳ್ತಿದ್ದೆ. ತಲಘಟ್ಟಪುರ, ವಾಜರಹಳ್ಳಿ, ದೊಡ್ಡಕಲ್ಲಸಂದ್ರ, ಕೋಣನಕುಂಟೆ ಕ್ರಾಸ್, ಯಲಚೇನಹಳ್ಳಿ, ಜೆ.ಪಿ. ನಗರ, ಬನಶಂಕರಿ. ಒಂದೂ ತಪ್ಪಲಿಲ್ಲ. ನೋಡಿ, ಏನೂ ಆಗಿಲ್ಲ ಅಂತ ಮಗಳಿಗೆ ಹೇಳಿದೆ. ಮೂರು ವರ್ಷದಿಂದ ಅದೇ ರೈಲಲ್ಲಿ ಓಡಾಡಿದ್ದೀವಿ, ಅದೂ ಹಳೇ ನೆನಪೇ ಅಂತ ನನಗೆ ಹೊಳೀಲಿಲ್ಲ. ಅದು ಎರಡನೇ ತಪ್ಪು.

ಗೌರಿ ಹಬ್ಬದ ಹಿಂದಿನ ವಾರ ಕೆಂದ ಹಸುಗೆ ಕೆಚ್ಚಲು ಬಾವು ಬಂತು. ಡಾಕ್ಟ್ರು ಬೆಳಿಗ್ಗೆ ಇಂಜೆಕ್ಷನ್ ಕೊಟ್ಟು, ನಾನು ಹೇಳೋವರೆಗೂ ಇದರ ಹಾಲು ಡೇರಿಗೆ ಹಾಕಬೇಡಿ ಅಂದು ಹೋದ್ರು. ಅವಳು ಪಕ್ಕದಲ್ಲೇ ನಿಂತಿದ್ಲು, ಹೂಂ ಅಂದ್ಲು. ನಾನೂ ಇನ್ನೊಂದು ಸಲ ಹೇಳಿ ಹೊಲಕ್ಕೆ ಹೋದೆ. ಸಂಜೆ ಎರಡೂ ಹಸುವಿನ ಹಾಲು ಸೇರಿಸಿ ಡೇರಿಗೆ ಹಾಕಿ ಬಂದಿದ್ಲು. ಸೊಸೆ ನೋಡಿ ನನಗೆ ಹೇಳಿ, ನಾನು ಓಡಿ ಹೋಗೋ ಹೊತ್ತಿಗೆ ಕ್ಯಾನಿಗೆ ಬಿದ್ದಾಗಿತ್ತು. ಸೆಕ್ರೆಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಆ ಕ್ಯಾನು ಪೂರ್ತಿ ಚೆಲ್ಲಿಸಿ, ದುಡ್ಡು ನಾನು ಕಟ್ಟಿದೆ. ತಪ್ಪು ನಮ್ಮದು.

ಮನೆಗೆ ಬಂದು ಕೂಗಾಡಿಬಿಟ್ಟೆ. ಸೊಸೆ ಮುಂದೆ, ಮೊಮ್ಮಗು ಮುಂದೆ, ತಲೆ ಇಲ್ವಾ ನಿನಗೆ ಅಂದೆ.

ಅವಳು ಅಳಲಿಲ್ಲ. "ತಲೆಗೇ ತಾನೆ ಕೊಟ್ಟಿರೋದು, ಇನ್ನೆಲ್ಲಿಂದ ತರ್ಲಿ" ಅಂದ್ಲು. ಹೇಳಿ ಒಳಗೆ ಹೋದ್ಲು.

ಆವತ್ತಿಂದ ನಾನು ಎಲ್ಲಾ ಕೆಲಸ ಅವಳ ಕೈಯಿಂದ ತಗೊಂಡೆ. ಹಾಲು ಸೊಸೆಗೆ, ಡೇರಿ ಪುಸ್ತಕ ನನ್ನ ಹತ್ತಿರ, ಬೀಜದ ಪೆಟ್ಟಿಗೆ ಬೀಗದ ಕೈ ನನ್ನ ಸೊಂಟಕ್ಕೆ. ಸಾರಕ್ಕಿಗೆ ಹೋಗೋದು ನಿಂತಿತು. ನೀನು ರೆಸ್ಟ್ ತಗೋ ಅಂದೆ. ಒಳ್ಳೇದಕ್ಕೆ ಅಂತಲೇ ಮಾಡಿದ್ದು. ಅವಳು ಜಗಲಿ ಮೇಲೆ ಕೂತು ಕಡ್ಲೆಕಾಯಿ ಬಿಡಿಸೋಳು, ಮಾತು ಕಮ್ಮಿ ಆಯ್ತು. ಒಂದು ದಿನ ಇವತ್ತು ಯಾವ ವಾರ ಅಂತ ನನ್ನನ್ನೇ ಕೇಳಿದ್ಲು. ಸಾರಕ್ಕಿಗೆ ಹೋಗ್ತಿದ್ದಾಗ ಅವಳಿಗೆ ವಾರ ಯಾವತ್ತೂ ತಪ್ಪಿದ್ದಿಲ್ಲ. ನಾನು ಇದೂ ರೇಡಿಯೇಷನ್ದೇ ಕೆಲಸ ಅಂದ್ಕೊಂಡೆ.

ಮೂರು ತಿಂಗಳ ಎಂಆರ್‌ಐನಲ್ಲಿ ಗಡ್ಡೆ ಮೂರೂ ಕುಗ್ಗಿದ್ವು, ಹೊಸದು ಇರಲಿಲ್ಲ. ಅಲ್ಲಿ ಹೆಸರೇನು, ಇದು ಯಾವ ಊರು, ಮುಖ್ಯಮಂತ್ರಿ ಯಾರು ಅಂತ ಕೇಳಿದ್ರು. ಎಲ್ಲಾ ಹೇಳಿದ್ಲು. ಸರಿಯಿದೆ ಅಂತ ಬರ್ಕೊಂಡ್ರು. ಹೊರಡೋ ಹೊತ್ತಿಗೆ ಮಗಳು ತಡೆದು ಹಾಲಿನ ಕಥೆ ಹೇಳಿದ್ಲು. ಆಗ ನೆನಪಿನ ಪರೀಕ್ಷೆ ಮಾಡೋ ಸೈಕಾಲಜಿಸ್ಟ್ ಮೇಡಂ ಹತ್ತಿರ ಕಳಿಸಿದ್ರು. ನಾವು ಬಾಯಿ ಬಿಡದೇ ಇದ್ದಿದ್ರೆ ಅಲ್ಲಿಗೇ ಮುಗೀತಿತ್ತು.

ಓದು ಕಮ್ಮಿ ಇರೋಳಿಗೆ ಪರೀಕ್ಷೆ ಅಂದ್ರೆ ಅವಮಾನ ಆಗುತ್ತೇನೋ ಅಂತ ಹೆದರಿದ್ದೆ. ಹಾಗೇನಿಲ್ಲ. ನಿಮ್ಹಾನ್ಸ್‌ನವರು ನಮ್ಮ ಜನಕ್ಕೆ ಹೊಂದೋ ಹಾಗೆ, ವಯಸ್ಸು ಮತ್ತು ಓದು ನೋಡಿ ಅಳತೆ ಮಾಡೋ ಪರೀಕ್ಷೆಗಳನ್ನ 2004ರಲ್ಲೇ ಹೊರತಂದಿದ್ದಾರೆ. ನಾಲ್ಕನೇ ಕ್ಲಾಸಿನವಳನ್ನ ಇಂಜಿನಿಯರ್ ಜೊತೆ ಹೋಲಿಸಲ್ಲ. ಮೇಡಂ ಕನ್ನಡದಲ್ಲಿ ಹದಿನೈದು ಪದ ಓದಿದ್ರು. ನೆನಪಿರೋದು ಹೇಳಿ ಅಮ್ಮಾ ಅಂದ್ರು. ಐದು ಹೇಳಿದ್ಲು. ಅದೇ ಪಟ್ಟಿ ಐದು ಸಲ ಓದಿ ಕೇಳಿದ್ರು, ಕೊನೆಗೆ ಒಂಬತ್ತಕ್ಕೆ ಬಂತು. ಆಮೇಲೆ ಬೇರೆ ಪಟ್ಟಿ, ಬೇರೆ ಕೆಲಸ. ಇಪ್ಪತ್ತು ನಿಮಿಷ ಬಿಟ್ಟು ಮೊದಲಿನ ಪಟ್ಟಿ ಕೇಳಿದ್ರೆ ನಾಲ್ಕೇ ಬಂತು. ನನ್ನ ಎದೆ ಧಸಕ್ ಅಂತು. ಕೊನೆಗೆ ಒಂದೊಂದೇ ಪದ ಹೇಳಿ, ಇದು ಪಟ್ಟಿಯಲ್ಲಿತ್ತಾ ಇಲ್ವಾ ಅಂತ ಕೇಳಿದ್ರು. ಹದಿನೈದರಲ್ಲಿ ಹದಿಮೂರು ಗುರುತು ಹಿಡಿದ್ಲು.

ಮೇಡಂ ಬಿಡಿಸಿ ಹೇಳಿದ್ರು. ಹಳೇ ಕಣಜ ಭದ್ರವಾಗಿದೆ. ಬೀಜದ ಹೆಸರು, ಸ್ಟೇಷನ್ ಹೆಸರು ಎಲ್ಲಾ ಆ ಕಣಜದ್ದು. ತೊಂದರೆ ಇರೋದು ಹೊಸದರಲ್ಲಿ. ಅದೂ ಒಳಗೆ ಹೋಗ್ತಿಲ್ಲ ಅಂತಲ್ಲ, ಹೋಗಿರೋದು ಬೇಕಾದಾಗ ಕೈಗೆ ಸಿಗ್ತಿಲ್ಲ. ಒಂದು ಗುರುತು ಕೊಟ್ರೆ ಸಿಗುತ್ತೆ. ಹಾಗಾಗಿ ತಲೆಯ ಹೊರಗೆ ಗುರುತು ಇಡಿ ಅಂದ್ರು. ಮರೆವಿಗೆ ರೇಡಿಯೇಷನ್ ಒಂದೇ ಕಾರಣ ಅಂತ ಹೇಳೋಕಾಗಲ್ಲ ಅಂತಲೂ ಅಂದ್ರು. ಗಡ್ಡೆ, ಅದರ ಸುತ್ತಲಿನ ಊತ, ಹಿಂದೆ ಆದ ಕೀಮೋ, ಸ್ಟೀರಾಯ್ಡು, ನಿದ್ದೆಗೆಟ್ಟಿದ್ದು, ಮನಸ್ಸಿನ ಭಯ ಎಲ್ಲಾ ಸೇರಿರುತ್ತೆ.

ಆಮೇಲೆ "ಮನೇಲಿ ಅಮ್ಮ ಈಗ ಏನೇನು ಕೆಲಸ ಮಾಡ್ತಾರೆ?" ಅಂತ ಕೇಳಿದ್ರು. ಏನೂ ಮಾಡಿಸ್ತಿಲ್ಲ ಮೇಡಂ, ಪೂರ್ತಿ ರೆಸ್ಟು ಅಂದೆ, ಹೆಮ್ಮೆಯಿಂದಲೇ. ಅವರು ಪೆನ್ನು ಕೆಳಗಿಟ್ರು. "ಹಾಗಾದ್ರೆ ಅವರು ಮರೆತದ್ದು ಎಷ್ಟು, ನೀವು ಬಿಡಿಸಿದ್ದು ಎಷ್ಟು ಅಂತ ಹೇಗೆ ಲೆಕ್ಕ ಹಾಕ್ತೀರಿ?" ಅಂದ್ರು.

ಉತ್ತರ ಇರಲಿಲ್ಲ. ವಾಪಸ್ ಬರುವಾಗ ಬನಶಂಕರಿ ದೇವಸ್ಥಾನಕ್ಕೆ ಹೋಗಿ ಅವಳು ನಿಂಬೆಹಣ್ಣಿನ ದೀಪ ಹಚ್ಚಿದ್ಲು. ಅಲ್ಲೇ ಬೀಗದ ಕೈ ಬಿಚ್ಚಿ ಅವಳ ಕೈಗೆ ಕೊಟ್ಟೆ. ಏನೂ ಮಾತಾಡದೆ ಸೆರಗಿಗೆ ಕಟ್ಕೊಂಡ್ಲು.

ಈಗ ಮನೇಲಿ ನಡೀತಿರೋ ಪದ್ಧತಿ ಹೇಳ್ತೀನಿ, ಯಾರಿಗಾದ್ರೂ ಬೇಕಾಗಬಹುದು. ಹಟ್ಟಿ ಗೋಡೆಗೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಹಾಕಿದ್ದೀವಿ, ಮನೆಯದು ಬೇರೆ. ಹಾಲು ಹಾಕಿದ ತಕ್ಷಣ ಗೀಟು, ಮಾತ್ರೆ ತಗೊಂಡ ತಕ್ಷಣ ಸೊನ್ನೆ. ಆಮೇಲೆ ಹಾಕ್ತೀನಿ ಅನ್ನೋ ಹಾಗಿಲ್ಲ. ಹಸುಗೆ ಇಂಜೆಕ್ಷನ್ ಆದ್ರೆ ಅದರ ಕತ್ತಿಗೆ ಕೆಂಪು ಬಟ್ಟೆ ಕಟ್ತೀವಿ. ಬಟ್ಟೆ ಇದ್ರೆ ಹಾಲು ಡೇರಿಗಿಲ್ಲ. ಆ ನೆನಪು ಅವಳ ತಲೇಲೇ ಇರಬೇಕು ಅಂತ ಏನಿದೆ, ಹಸು ಕತ್ತಲ್ಲಿ ಇದ್ರೂ ಆಯ್ತು. ಈಗ ನನಗೂ ಅದೇ ಅನುಕೂಲ. ಹೇಳೋದನ್ನ ಒಂದು ಸಲಕ್ಕೆ ಒಂದೇ ಹೇಳ್ತೀವಿ, ಅವಳು ತಿರುಗಿ ಹೇಳ್ತಾಳೆ. ಟಿವಿ ಹಾಕ್ಕೊಂಡು ಹೇಳಲ್ಲ.

ಕಾರ್ತಿಕ ಕಳೆದ ಮೇಲೆ ಸಾರಕ್ಕಿಗೂ ಹೊರಟ್ಲು. ಮೊದಲು ಸೊಸೆ ಜೊತೆ, ಈಗ ಒಬ್ಬಳೇ. ಲೆಕ್ಕ ಸುಲಭ ಆಗಲಿ ಅಂತ ಎಲ್ಲಾ ಸೊಪ್ಪಿನ ಕಟ್ಟೂ ಒಂದೇ ರೇಟಿಗೆ ಬರೋ ಹಾಗೆ ದಪ್ಪ ಸಣ್ಣ ಮಾಡಿ ಕಟ್ತಾಳೆ. ಅದು ಅವಳದೇ ಉಪಾಯ. ಒಂದು ದಿನ ಚಿಲ್ಲರೆ ಜಾಸ್ತಿ ಕೊಟ್ಟಿದ್ಲಂತೆ. ಹದಿನೈದು ವರ್ಷದ ಗಿರಾಕಿ ಟೀಚರಮ್ಮ ವಾಪಸ್ ಬಂದು ಕೊಟ್ಟು ಹೋದ್ರಂತೆ.

ಎಲ್ಲಾ ಸರಿಹೋಯ್ತು ಅಂತ ಬರೆದ್ರೆ ಸುಳ್ಳಾಗುತ್ತೆ. ಗ್ಯಾಸ್ ಒಲೆ ಎರಡು ಸಲ ಹಾಗೇ ಬಿಟ್ಟಿದ್ಲು, ಅದಕ್ಕೆ ಒಲೆ ಮುಂದೆ ಒಬ್ಬಳನ್ನೇ ಬಿಡಲ್ಲ. ಅವಳೂ ಒಪ್ಪಿದ್ದಾಳೆ. ಸಂಕ್ರಾಂತಿ ಆದ ಮೇಲೆ ಮಾಡಿಸಿದ ಎಂಆರ್‌ಐನಲ್ಲಿ ದೊಡ್ಡ ಗಡ್ಡೆ ಇದ್ದ ಜಾಗದ ಅಂಚು ಬೆಳ್ಳಗೆ ಕಾಣ್ತಿದೆ. ಗಡ್ಡೆ ತಿರುಗಿ ಚಿಗುರ್ತಾ ಇರಬಹುದು, ಇಲ್ಲಾ ಕಿರಣದಿಂದ ಸತ್ತ ಭಾಗದ ಗಾಯವೂ ಇರಬಹುದು ಅಂತಾರೆ. ಈ ಗಾಯ ರೇಡಿಯೇಷನ್ ಆಗಿ ತಿಂಗಳುಗಟ್ಟಲೆ ಆದ ಮೇಲೂ ಬರಬಹುದಂತೆ, ಎರಡೂ ನೋಡೋಕೆ ಒಂದೇ ಥರ. ಶಿವರಾತ್ರಿ ಆದ ಮೇಲೆ ಇನ್ನೊಂದು ಸ್ಕ್ಯಾನು. ಅಲ್ಲಿವರೆಗೂ ಕಾಯಬೇಕು.

ಬೆಳೆ ಟಿಪ್ಪಣಿ ಬರೆಯೋ ಡೈರಿಯಲ್ಲೇ ಅವಳ ವಿಚಾರಕ್ಕೂ ಒಂದು ಪುಟ ಮಾಡಿದ್ದೀನಿ. ತಾರೀಖು, ಏನು ಮರೆತ್ಲು, ಹಿಂದಿನ ರಾತ್ರಿ ಎಷ್ಟು ನಿದ್ದೆ, ಯಾವ ಮಾತ್ರೆ. ಡಾಕ್ಟ್ರಿಗೆ ಅದು ತುಂಬಾ ಉಪಯೋಗಕ್ಕೆ ಬಂತು. ಮೊನ್ನೆ ನಾನು ಬರೀತಿದ್ದಾಗ ನೋಡಿ, "ನನ್ನನ್ನ ರೋಗ ಬಿದ್ದ ಬೆಳೆ ನೋಡೋ ಹಂಗೆ ನೋಡಬೇಡಿ" ಅಂದ್ಲು. ಈಗ ಅವಳ ಕಣ್ಣೆದುರೇ ಬರೀತೀನಿ, ಬರೆದದ್ದು ಓದಿ ಹೇಳ್ತೀನಿ. ಒಂದೊಂದು ಸಲ ಹಂಗಲ್ಲ ಹಿಂಗೆ ಅಂತ ತಿದ್ದುತ್ತಾಳೆ.

ನಿಮ್ಮ ಮನೇಲಿ ಯಾರಿಗಾದ್ರೂ ಇಂಥ ಸಂದರ್ಭ ಬಂದ್ರೆ ಇಷ್ಟು ನೆನಪಿಟ್ಕೊಳ್ಳಿ.

1. ಎಷ್ಟು ಗಡ್ಡೆ, ಎಷ್ಟು ದೊಡ್ಡದು, ಗುರಿಯಿಟ್ಟು ಕೊಡೋಕೆ ಆಗುತ್ತಾ ಅಂತ ಕೇಳಿ. ಎಲ್ಲರಿಗೂ ಆಗಲ್ಲ. ಇಡೀ ಮೆದುಳಿಗೇ ಕೊಡಬೇಕಾದ್ರೆ, ಹೊಸ ನೆನಪು ಕೂಡಿಡೋ ಹಿಪ್ಪೋಕ್ಯಾಂಪಸ್ ಅನ್ನೋ ಭಾಗ ಉಳಿಸಿ ಕೊಡೋಕೆ ಆಗುತ್ತಾ, ಜೊತೆಗೆ ಮೆಮಾಂಟಿನ್ ಮಾತ್ರೆ ಬೇಕಾ ಅಂತಲೂ ಕೇಳಿ. ಅದರಿಂದ ನೆನಪು ಕೆಡೋದು ಕಮ್ಮಿ ಅಂತ 2020ರಲ್ಲಿ ಅಚ್ಚಾದ ಅಧ್ಯಯನ ತೋರಿಸಿದೆ.

2. ಸಾಧ್ಯವಾದ್ರೆ ರೇಡಿಯೇಷನ್‌ಗೆ ಮುಂಚೆಯೇ ಒಂದು ನೆನಪಿನ ಪರೀಕ್ಷೆ ಮಾಡಿಸಿ. ನಾವು ಮಾಡಿಸಲಿಲ್ಲ. ಅದಕ್ಕೇ ಎಷ್ಟು ಇಳೀತು ಅಂತ ಇವತ್ತಿಗೂ ಲೆಕ್ಕ ಸಿಗಲ್ಲ.

3. ಹಳೇದು ಹೇಳ್ತಾರೆ ಅಂತ ಸಮಾಧಾನ ಪಡಬೇಡಿ. ಬೆಳಿಗ್ಗೆ ಹೇಳಿದ್ದು ಸಂಜೆಗೆ ಉಳಿದಿದೆಯಾ ನೋಡಿ.

4. ಒಮ್ಮಿಂದೊಮ್ಮೆ ಮರೆವು ಜಾಸ್ತಿ ಆದ್ರೆ, ತಲೆನೋವು, ವಾಂತಿ, ಫಿಟ್ಸ್, ಕೈಕಾಲು ಸೋಲೋದು ಕಂಡ್ರೆ ಮುಂದಿನ ತಾರೀಖಿಗೆ ಕಾಯಬೇಡಿ, ಆವತ್ತೇ ಹೋಗಿ.

5. ಕೆಲಸ ಕಿತ್ಕೋಬೇಡಿ. ಅಪಾಯ ಇರೋ ಕೆಲಸ ಮಾತ್ರ ಬೇರೆಯವರು ಮಾಡಲಿ.

ಕೊನೆಗೆ ಬೀಜದ ವಿಚಾರ. ಈ ವರ್ಷ ಸೊಗಡವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ನಾಲ್ಕೂ ಚೆನ್ನಾಗಿ ಎತ್ತಿಟ್ಟಿದ್ದಾಳೆ, ಬೂದಿ ಕಲಸಿ. ಯಾವ್ಯಾವುದು ಎಷ್ಟೆಷ್ಟು ಸೇರು ಕೊಡಬಹುದು ಅಂತ ಇವತ್ತು ಬೆಳಿಗ್ಗೆ ಅವಳೇ ಹೇಳಿದ್ಲು. ಇದನ್ನ ಬರೀತಾ ಈಗ ಸಂಜೆ ಮತ್ತೆ ಕೇಳಿದೆ. ಮೂರು ಹೇಳಿ ನಿಂತ್ಲು. ಎದ್ದು ಹೋಗಿ ಕ್ಯಾಲೆಂಡರ್ ನೋಡ್ಕೊಂಡು ಬಂದು, "ಹುಚ್ಚೆಳ್ಳು, ಆರು ಸೇರು" ಅಂದ್ಲು.

ಬೀಜ ಬೇಕಾದವರು ಅವಳಿಗೇ ಫೋನ್ ಮಾಡಿ. ನನಗಲ್ಲ.